ಸಂಕೋಚದ ಹುಡುಗನೂ ಪ್ರಿಟೋರಿಯಾದ ಸಭೆಯೂ

ಗಾಂಧಿ ಜಯಂತಿ ಬಂತೆಂದರೆ ನಮ್ಮ ಶಾಲೆಗಳಲ್ಲಿ ಭಾಷಣ ಸ್ಪರ್ಧೆಯ ಸಂಭ್ರಮ. ಮೇಷ್ಟ್ರು ಬರೆದುಕೊಟ್ಟದ್ದನ್ನು ಮಕ್ಕಳು ಉರು ಹೊಡೆದು ಒಪ್ಪಿಸುತ್ತಾರೆ. ನಡುವೆ ಒಂದು ಸಾಲು ಮರೆತುಹೋದರೆ ಸಭೆ ನಗುತ್ತದೆ. ಆ ಹುಡುಗ ಮತ್ತೆ ವೇದಿಕೆಯ ಬಳಿ ಸುಳಿಯುವುದಿಲ್ಲ. ಯಾರ ಹೆಸರಿನಲ್ಲಿ ಈ ಸ್ಪರ್ಧೆ ನಡೆಯುತ್ತದೋ ಅವರೇ ಇಂಥ ಹುಡುಗನಾಗಿದ್ದರೆಂಬುದು ನಮಗೆ ನೆನಪಾಗುವುದಿಲ್ಲ. ಗಾಂಧೀಜಿಯ ಆತ್ಮಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕಾಗಿದೆ.

1925ರಿಂದ 1929ರವರೆಗೆ ‘ನವಜೀವನ’ ಪತ್ರಿಕೆಯಲ್ಲಿ ಕಂತುಗಳಾಗಿ ಬಂದ ಈ ಕೃತಿಯಲ್ಲಿ ಸಂಕೋಚದ ಪ್ರಸಂಗಗಳು ಒಂದರ ಹಿಂದೊಂದು ಬರುತ್ತವೆ. ಯಾರೊಡನೆಯೂ ಮಾತಾಡಲಾರದೆ, ಶಾಲೆ ಬಿಟ್ಟೊಡನೆ ಮನೆಗೆ ಓಡುತ್ತಿದ್ದ ಬಾಲಕ. 1888ರಲ್ಲಿ ವಿಲಾಯತಿಗೆ ಹೊರಟಾಗ ಹೈಸ್ಕೂಲಿನವರು ಬೀಳ್ಕೊಡುಗೆ ಏರ್ಪಡಿಸಿದರು. ಬರೆದುಕೊಂಡಿದ್ದ ನಾಲ್ಕು ಮಾತುಗಳನ್ನು ಓದುವಾಗ 18ರ ತರುಣನ ತಲೆ ತಿರುಗಿತು, ಮೈ ನಡುಗಿತು. ಮುಂದೆ ಲಂಡನ್ನಿನ ಸಸ್ಯಾಹಾರಿಗಳ ಸಂಘದ ಸಮಿತಿಯಲ್ಲಿ ಡಾ. ಆಲಿನ್ಸನ್ ಎಂಬವರನ್ನು ಹೊರಹಾಕುವ ಪ್ರಶ್ನೆ ಬಂತು. ಅದು ತಪ್ಪೆಂದು ಮನಸ್ಸು ಹೇಳುತ್ತಿತ್ತು, ನಾಲಿಗೆ ಏಳಲಿಲ್ಲ. ಬರೆದುಕೊಟ್ಟದ್ದನ್ನು ಬೇರೊಬ್ಬರು ಓದಬೇಕಾಯಿತು. ಬ್ಯಾರಿಸ್ಟರಾಗಿ ಮರಳಿದ ಮೇಲೆ ಮುಂಬಯಿಯ ಕೋರ್ಟಿನಲ್ಲಿ ಮೊದಲ ಮೊಕದ್ದಮೆಯಲ್ಲೇ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು.

ಇಷ್ಟೆಲ್ಲವನ್ನೂ ಮುಚ್ಚಿಡದೆ ಹೇಳಿರುವುದು ಈ ಪುಸ್ತಕದ ದೊಡ್ಡತನ. ಆದರೆ ಸಂಕೋಚ ತಮಗೆ ಗುರಾಣಿಯಾಯಿತು, ಮಾತಿನಲ್ಲಿ ಮಿತವ್ಯಯ ಕಲಿಸಿತು ಎಂಬ ಲೇಖಕರ ತೀರ್ಮಾನವನ್ನು ನಾವು ಪೂರ್ತಿ ಒಪ್ಪಲಾರೆವು. ಅದು ದೇಶವೇ ಕಿವಿಗೊಡುತ್ತಿದ್ದ, ಐವತ್ತು ದಾಟಿದ ವ್ಯಕ್ತಿಯ ಹಿನ್ನೋಟ. ಕೋರ್ಟಿನಲ್ಲಿ ಕುಸಿದು ಕುಳಿತ ಯುವಕನಿಗೆ ಅದು ಬರೀ ಅವಮಾನ. ಅತ್ತ ಆಲಿನ್ಸನ್ ಸೋತರು. ಈ ಗುರಾಣಿ ಅವರನ್ನು ಕಾಯಲಿಲ್ಲ. ನಡುಗುತ್ತಿರುವ ಮಗುವಿಗೆ ‘ಇದೂ ಒಂದು ವರ’ ಎಂದರೆ ಸಮಾಧಾನವಾದೀತೇ?

ಮಗುವಿಗೆ ಬೇಕಾದ ಉತ್ತರ ಮುಂದಿನ ಭಾಗದಲ್ಲಿದೆ. 1893ರಲ್ಲಿ ಪ್ರಿಟೋರಿಯಾದ ಸೇಠ್ ಹಾಜಿ ಮುಹಮ್ಮದ್ ಹಾಜಿ ಜೂಸಬ್ ಅವರ ಮನೆಯಲ್ಲಿ ಭಾರತೀಯರ ಸಭೆ. ನೆರೆದವರಲ್ಲಿ ಹೆಚ್ಚಿನವರು ಮೇಮನ್ ವ್ಯಾಪಾರಿಗಳು, ಕೆಲವರು ಹಿಂದೂಗಳು. ವ್ಯಾಪಾರದಲ್ಲಿ ಸತ್ಯ ಎಂಬುದು ವಿಷಯ. ತಮ್ಮ ಬದುಕಿನ ಮೊದಲ ಭಾಷಣವೆಂದು ಗಾಂಧೀಜಿ ಗುರುತಿಸುವುದು ಇದನ್ನೇ. ನಾಲಿಗೆ ಸಡಿಲವಾದದ್ದು ಹೇಗೆಂದು ಅವರು ವಿವರಿಸುವುದಿಲ್ಲ. ನಮಗೆ ಕಾಣುವುದಿಷ್ಟು: ಹೇಳಲೇಬೇಕಾದದ್ದು ಅವರಲ್ಲಿತ್ತು, ಅದಕ್ಕೆ ಸಿದ್ಧತೆಯೂ ಇತ್ತು. ಕೇಳುವವರು ಅದೇ ಪರದೇಶದ ಕಷ್ಟ ಉಂಡವರು. ಅಂಕ ಹಾಕುವವರು ಯಾರೂ ಇರಲಿಲ್ಲ. ಸಭೆಯ ಬಳಿಕ ಅವರು ಇಬ್ಬರು ಮುಸ್ಲಿಮರಿಗೂ ಒಬ್ಬ ಹಿಂದೂವಿಗೂ ಇಂಗ್ಲಿಷ್ ಕಲಿಸಲು ಹೊರಟರು; ಕ್ಷೌರಿಕ, ಗುಮಾಸ್ತ, ಸಣ್ಣ ಅಂಗಡಿಯವ. ಹಾಗೆಂದು ಸಂಕೋಚ ಅಳಿದುಹೋಗಲಿಲ್ಲ. ಆಫ್ರಿಕಾದಲ್ಲೂ ಅದು ಪೂರ್ತಿ ಬಿಡಲಿಲ್ಲವೆಂದು ಅವರೇ ಬರೆದಿದ್ದಾರೆ.

ನಮ್ಮ ಶಾಲೆ, ಮದ್ರಸಗಳ ವೇದಿಕೆಗಳು ಇದನ್ನು ಗಮನಿಸಬೇಕು. ಉರು ಹೊಡೆಸಿ ನೂರು ಜನರ ಮುಂದೆ ನಿಲ್ಲಿಸುವ ಬದಲು, ಮಗು ತಾನು ಬಲ್ಲ ವಿಷಯವನ್ನು ಪರಿಚಿತರಾದ ನಾಲ್ವರ ನಡುವೆ ಕುಳಿತು ಹೇಳಲಿ. ಜನರ ಭಯದಿಂದ ಶಾಲೆಯನ್ನೇ ಬಿಡುವ ಹಂತಕ್ಕೆ ಬಂದ ಮಗುವಿಗೆ ಮನೋವೈದ್ಯರ ನೆರವೂ ಬೇಕು. ಅದು ಸೊಕ್ಕಲ್ಲ, ಸೋಮಾರಿತನವೂ ಅಲ್ಲ. ಮುಂದಿನ ಗಾಂಧಿ ಜಯಂತಿಯಂದು ಯಾವುದಾದರೂ ಮಗು ಮಾತು ಮರೆತು ನಿಂತರೆ, ಸಭೆಯಲ್ಲಿ ಕುಳಿತ ನಾವು ನಗದೆ ಕಾಯೋಣ.