ಪಾರಿಜಾತ ನೋಡಿದವರಿಗೆ ಬ್ಯಾಟ್‌ಮನ್ ಕಷ್ಟವಲ್ಲ

ಕೌಜಲಗಿಯ ಗೆಳೆಯರ ಮನೆಗೆ ಹೋಗಿದ್ದೆ. ಪಿಯುಸಿ ಓದುವ ಅವರ ಮಗ ನನ್ನ ಚೀಲದಲ್ಲಿದ್ದ ಕಾಮಿಕ್ಸ್ ತಿರುವಿ ನೋಡಿ ಕೇಳಿದ: ‘ಕಾಕಾ, ಎಂಬತ್ತು ವರ್ಷದಿಂದ ನಡದದ ಅಂತೀರಿ ಈ ಕಥಿ. ಎಲ್ಲಿಂದ ಹಿಡೀಬೇಕ್ರಿ ಇದನ್ನ?’

ಈ ಪ್ರಶ್ನೆಗೆ ಹೆದರಿಯೇ ಎಷ್ಟೋ ಮಂದಿ ಸೂಪರ್‌ಹೀರೋ ಕಾಮಿಕ್ಸ್ ಮುಟ್ಟುವುದಿಲ್ಲ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಬ್ಯಾಟ್‌ಮನ್ 1939ರಲ್ಲಿ. ಅಂದಿನಿಂದ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬರೆಯುತ್ತಲೇ ಇದ್ದಾರೆ. ಸತ್ತವರು ಎದ್ದು ಬಂದರು. ಒಂದು ಭೂಮಿ ಇದ್ದದ್ದು ಎಷ್ಟೋ ಭೂಮಿಗಳಾದವು. ಸಿಕ್ಕು ಹೆಚ್ಚಾಗಿ, ಇವರಿಬ್ಬರ ಕಥೆ ಪ್ರಕಟಿಸುವ ಡಿಸಿ ಕಂಪನಿ 1985ರಲ್ಲಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಎಂಬ 12 ಸಂಚಿಕೆಗಳ ಕಥೆ ಶುರುಮಾಡಿ, ಅವನ್ನೆಲ್ಲ ಒಂದುಗೂಡಿಸಬೇಕಾಯಿತು.

ಹುಡುಗನಿಗೆ ನಾನು ಅವನ ಊರಿನ ಆಟವನ್ನೇ ನೆನಪಿಸಿದೆ. ಶ್ರೀಕೃಷ್ಣ ಪಾರಿಜಾತವನ್ನು ಮನೆಮಾತು ಮಾಡಿದ ಕೌಜಲಗಿ ನಿಂಗಮ್ಮನ ಊರು ಇದು. ನಾರದ ಒಂದು ಹೂವು ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಆಟಕ್ಕೆ ಇಷ್ಟು ಸಾಕು. ಆ ಹೂವಿನ ಮರ ಹುಟ್ಟಿದ ಸಮುದ್ರಮಥನ, ನರಕಾಸುರನ ವಧೆ, ಕೃಷ್ಣನ ಉಳಿದ ಮದುವೆಗಳು ಎಲ್ಲವೂ ಹಿಂದೆ ಇವೆ. ಅದನ್ನೆಲ್ಲ ಓದಿ ಬಾ ಎಂದು ಯಾರೂ ಯಾರನ್ನೂ ಅಟ್ಟದ ಹೊರಗೆ ನಿಲ್ಲಿಸಿಲ್ಲ. ಬಂದ ಪಾತ್ರವನ್ನು ಭಾಗವತ ತಡೆದು, ನೀನಾರು, ಎಲ್ಲಿಂದ ಬಂದೆ ಎಂದು ಮಾತಿಗೆಳೆಯುತ್ತಾನೆ; ತಡವಾಗಿ ಬಂದು ಕೂತವನಿಗೂ ಕಥೆ ಸಿಗುತ್ತದೆ. 1936ರಲ್ಲಿ ಫ್ಯಾಂಟಮ್‌ನನ್ನು ಹುಟ್ಟಿಸಿದ ಲೀ ಫಾಕ್ ಮಾಡಿದ್ದೂ ಭಾಗವತನ ಕೆಲಸವೇ. ನಾಲ್ಕು ನೂರು ವರ್ಷಗಳ ವಂಶದಲ್ಲಿ ಇವನು ಇಪ್ಪತ್ತೊಂದನೆಯವನು ಎಂಬುದನ್ನು ಹೊಸಬರಿಗಾಗಿ ಮತ್ತೆ ಮತ್ತೆ ನಾಲ್ಕು ಚಿತ್ರದಲ್ಲಿ ಹೇಳಿಬಿಡುತ್ತಿದ್ದ.

ಪಾರಿಜಾತವೂ ಒಂದೇ ಕೈಯದಲ್ಲ. ಅಪರಾಳ ತಮ್ಮಣ್ಣ ಬರೆದದ್ದನ್ನು ಇಲ್ಲೇ ಹತ್ತಿರದ ಕುಲಗೋಡದ ತಮ್ಮಣ್ಣ ತಿದ್ದಿ ಬೆಳೆಸಿದ. ಮೇಳ ಬದಲಾದಂತೆ ಮಾತು ಬದಲಾಯಿತು. ಆದರೆ ಸತ್ಯಭಾಮೆಯ ಸಿಟ್ಟು ಎಲ್ಲ ಮೇಳದಲ್ಲೂ ಅವಳದೇ ಸಿಟ್ಟು. ಕಾಮಿಕ್ಸಿನಲ್ಲಿ ನಾನು ಹುಡುಕುವುದೂ ಅದನ್ನೇ. ಯಾವ ಘಟನೆ ಅಧಿಕೃತ, ಯಾವುದು ರದ್ದಾಯಿತು ಎಂಬ ಲೆಕ್ಕ ಬಲ್ಲವರನ್ನು ಗೌರವಿಸುತ್ತೇನೆ. ಹೊಸ ಓದುಗನ ತಲೆಗೆ ಅದನ್ನು ಕಟ್ಟುವುದು ಮಾತ್ರ ಅನ್ಯಾಯ.

ಹುಡುಗನ ಕೈಗೆ ‘ಬ್ಯಾಟ್‌ಮನ್: ಇಯರ್ ಒನ್’ ಕೊಟ್ಟು ಬಂದೆ. 1987ರ ನಾಲ್ಕೇ ಸಂಚಿಕೆಗಳು, 404ರಿಂದ 407. ಸಂಖ್ಯೆ ನೋಡಿ ಅವನು ಗಾಬರಿಯಾದ. ಒಳಗೆ ಕಥೆ ಮೊದಲ ದಿನದಿಂದಲೇ ಶುರುವಾಗುತ್ತದೆ. ಫ್ರಾಂಕ್ ಮಿಲ್ಲರ್ ಬರೆದದ್ದು, ಡೇವಿಡ್ ಮಝುಕೆಲ್ಲಿ ಚಿತ್ರಿಸಿದ್ದು. ಮುಂದೆ ಬ್ಯಾಟ್‌ಮನ್ ಆಗುವ ಬ್ರೂಸ್ ವೇನ್ ಊರಿಗೆ ಮರಳುವ ಹೊತ್ತಿಗೇ ಜಿಮ್ ಗಾರ್ಡನ್ ಎಂಬ ಪೊಲೀಸ್ ಅಧಿಕಾರಿಯೂ ವರ್ಗವಾಗಿ ಬರುತ್ತಾನೆ. ಲಂಚಕೋರ ಠಾಣೆಯಲ್ಲಿ ನೆಟ್ಟಗೆ ನಿಲ್ಲಲು ಅವನು ಪಡುವ ಪಾಡು ನನ್ನನ್ನು ಮುಖವಾಡದವನಿಗಿಂತ ಹೆಚ್ಚು ಕಾಡಿದೆ.

ನಾಲ್ಕು ದಿನ ಬಿಟ್ಟು ಫೋನ್ ಬಂತು. ‘ಕಾಕಾ, ಗಾರ್ಡನ್ ಮುಂದ ಕಮಿಷನರ್ ಆಗ್ತಾನೇನ್ರಿ?’

1939ರಲ್ಲಿ ಬ್ಯಾಟ್‌ಮನ್‌ನ ಮೊಟ್ಟಮೊದಲ ಕಥೆಯಲ್ಲೇ ಅವನು ಕಮಿಷನರ್ ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಹಂಗಾರ ಅದನ್ನೂ ಕಳಸ್ರಿ’ ಅಂದ.