ತನ್ನ ಗುರುತು ತಾನೇ ಹೇಳುವ ಕಡತ

ಅಮೃತಮಹಲ್ ದನಗಳ ಹುಲ್ಲುಗಾವಲಾಗಿದ್ದ ವರವು ಕಾವಲ್‌ನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಪೈಲಟ್ ಇಲ್ಲದ ವಿಮಾನ ಹಾರಿತೆಂದರೆ ಅಂಕಿಗಳ ರಾಶಿ. ಅಂಥ ರಾಶಿಯನ್ನು ಬೈನರಿಯಲ್ಲಿ ತುಂಬುವುದು ಸಲೀಸು, ಇನ್ನೊಬ್ಬರು ಓದುವುದೇ ಫಜೀತಿ. ಬೈಟುಗಳ ಕ್ರಮ ತಿಳಿಯದೆ ನಾಲ್ಕು ಬೈಟಿನ 1 ಅನ್ನು ತಿರುಗಾಮುರುಗಾ ಓದಿದರೆ 1,67,77,216!

ಹವಾಮಾನ ವಿಜ್ಞಾನಿಗಳ ನೆಟ್‌ಸಿಡಿಎಫ್ ಎಂಬ ಕಡತ ರೂಪ ನನಗೆ ಮೆಚ್ಚುಗೆಯಾಗುವುದು ಇಲ್ಲೇ. ಅದರ ಹಳೆಯ ಮಾದರಿಯ ಕಡತ ತೆರೆದರೆ ಮೊದಲ ಮೂರು ಬೈಟುಗಳೇ ಸಿ, ಡಿ, ಎಫ್, ನಾಲ್ಕನೆಯದು ಆವೃತ್ತಿ. ಆಮೇಲೆ ಆಯಾಮ, ಚರಗಳ ಹೆಸರು, ಬರೆದವರು ಸೋಮಾರಿಯಲ್ಲದಿದ್ದರೆ ಅಳತೆಯ ಮಾನವೂ ಇರುತ್ತದೆ. ಬೈಟುಗಳ ಕ್ರಮ ಮೊದಲೇ ಗೊತ್ತು. ಹಾಗಾಗಿ ಫೋರ್ಟ್ರಾನ್ ಬರೆದದ್ದನ್ನು ಪೈಥಾನ್ ನಿರಾಳವಾಗಿ ಓದುತ್ತದೆ. ಆಯಾಮಗಳ ಸಾಲು ಮಾತ್ರ ಹಿಂದುಮುಂದಾಗಿ ಕಾಣುತ್ತದೆ.