ಅಂಬಾಸಡರಿನ ದಾಯಾದಿ

ಎರಡೇ ಸೀಟಿನ, ಮೇಲೆ ತೆರೆದ ಇಂಗ್ಲಿಷ್ ಕಾರುಗಳಲ್ಲಿ 1960ರ ದಶಕದ ದೊಡ್ಡ ಪೈಪೋಟಿ ಟ್ರಯಂಫ್ ಟಿ.ಆರ್.4 ಮತ್ತು ಎಂ.ಜಿ.ಬಿ.ಗಳದ್ದು. 1961ರ ಟ್ರಯಂಫಿಗೆ 2138 ಸಿ.ಸಿ. ಎಂಜಿನ್, ಸುಮಾರು 100 ಅಶ್ವಶಕ್ತಿ, ಮರುವರ್ಷದ ಎಂ.ಜಿ.ಬಿ.ಗೆ 1798 ಸಿ.ಸಿ., 95 ಅಶ್ವಶಕ್ತಿ. ಅಂಕಿ ನೋಡಿ ತೀರ್ಪು ಕೊಡುವವರು ಟ್ರಯಂಫನ್ನೇ ಗೆಲ್ಲಿಸುತ್ತಾರೆ. ನಾನು ಒಪ್ಪಲಾರೆ. (ಓಡಿಸಿದವನಲ್ಲ, ಓದಿದವನು; ಓದುಗರು ಮನ್ನಿಸಬೇಕು.)

ಎರಡು ಎಂಜಿನ್ನುಗಳೂ ಸಾಧಾರಣ ಮನೆತನದವೇ. ಟ್ರಯಂಫಿನದು ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಎಂಬ ಸಂಸಾರಸ್ಥರ ಕಾರಿನ ವಂಶ. ಅದರ ಬಂಧು ಫರ್ಗುಸನ್ ಟ್ರಾಕ್ಟರಿನಲ್ಲಿ ಹೊಲ ಉತ್ತಿದೆ. ಎಂ.ಜಿ.ಬಿ.ಯದೋ, ನಮ್ಮ ಸಾಹೇಬರುಗಳನ್ನು ವರ್ಷಗಟ್ಟಲೆ ಹೊತ್ತು ತಿರುಗಿದ ಅಂಬಾಸಡರಿನ 1489 ಸಿ.ಸಿ. ಎಂಜಿನ್ನಿನ ಅಣ್ಣ! ಎರಡೂ ಬಿ-ಸೀರೀಸ್ ಕುಲವೇ.

ಟ್ರಯಂಫಿನ ಸಿಲಿಂಡರ್ ಲೈನರುಗಳನ್ನು ಕಳಚಿ ಹೊಸದು ಹಾಕಬಹುದು. ಮೆಕ್ಯಾನಿಕ್ಕಿಗೆ ಅದೊಂದು ವರ. ಆದರೆ ಅದರ ಬಾಡಿ ಹಳೆಯ ಪದ್ಧತಿಯಂತೆ ಪ್ರತ್ಯೇಕ ಚಾಸಿಯ ಮೇಲೆ ಕೂತದ್ದು. ಎಂ.ಜಿ.ಬಿ.ಯಲ್ಲಿ ಬಾಡಿಯೇ ಚಾಸಿ. ಭಾರಕ್ಕೂ ಶಕ್ತಿಗೂ ಅಲ್ಲಿ ಹೊಂದಿಕೆಯಿದೆ. ಅದು ಕೆಟ್ಟರೆ ಏನಾಗುವುದೆಂದು ಕಂಪನಿಯೇ 1967ರಲ್ಲಿ ತೋರಿಸಿತು. ಹೆಚ್ಚುಕಡಿಮೆ ಅದೇ ಬಾಡಿಗೆ ಆರು ಸಿಲಿಂಡರಿನ 2912 ಸಿ.ಸಿ. ಎಂಜಿನ್ ತುರುಕಿ ಎಂ.ಜಿ.ಸಿ. ಎಂದು ಹೆಸರಿಟ್ಟಿತು. ಮೂತಿ ಭಾರವಾಗಿ, ತಿರುವುಗಳಲ್ಲಿ ಮೊಂಡು ಹಿಡಿಯಿತೆಂಬ ದೂರು ಬಂತು. 1969ರಲ್ಲಿ ಅದರ ಕಥೆ ಮುಗಿಯಿತು. ಅಂಬಾಸಡರಿನ ಅಣ್ಣನನ್ನು ಹೊತ್ತ ಎಂ.ಜಿ.ಬಿ. ಮಾತ್ರ 1980ರ ತನಕ ತಯಾರಾಗುತ್ತಲೇ ಇತ್ತು.